ರಾಷ್ಟ್ರೀಯ ತಂಡಗಳ ಟೂರ್ನಿಯಾದ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ಗೆ ಸಜ್ಜಾಗಲು ಆಟಗಾರರಿಗೆ ಋತುಪೂರ್ವ ತರಬೇತಿ ಸಾಕಾಗುತ್ತದೆಯೇ?

ಬ್ಯಾಟರ್‌ಗಳು ಹೇಗೋ ನಿಭಾಯಿಸುತ್ತಾರೆ. ನಿಜವಾದ ತಲೆನೋವು ಚೆಂಡೆಸೆಯುವ ಪಿಚರ್‌ಗಳದು. ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ತಂಡಗಳ ಶಿಬಿರ ಶುರುವಾಗುವುದೇ ಫೆಬ್ರವರಿ ಮಧ್ಯದಲ್ಲಿ, ಟೂರ್ನಿ ಮಾರ್ಚ್‌ನಲ್ಲೇ ಎದುರಾಗುತ್ತದೆ. ಪಿಚರ್‌ನ ತೋಳು ಒಮ್ಮೆಲೇ ಹದಕ್ಕೆ ಬರುವುದಿಲ್ಲ. ಮೊದಲು ಚೆಂಡು ಹಿಡಿಯುವ ಕ್ಯಾಚರ್‌ಗೆ ಮಾತ್ರ ಎಸೆತ, ಆಮೇಲೆ ಬ್ಯಾಟರ್‌ನನ್ನು ನಿಲ್ಲಿಸಿಕೊಂಡು ಅಭ್ಯಾಸ, ನಂತರ ಪಂದ್ಯದಲ್ಲಿ ಒಂದು ಇನಿಂಗ್ಸ್, ಮುಂದಿನ ಬಾರಿ ಎರಡು. ಈ ಏರಿಕೆಯನ್ನು ಅವಸರದಲ್ಲಿ ಮುಗಿಸಹೋದರೆ ಮೊಣಕೈ, ಭುಜಗಳಿಗೆ ಕುತ್ತು.

ಟೂರ್ನಿಯ ನಿಯಮಗಳೂ ಇದನ್ನು ಒಪ್ಪಿಕೊಂಡಂತಿವೆ. 2023ರಲ್ಲಿ ಒಬ್ಬ ಪಿಚರ್‌ಗೆ ಪಂದ್ಯವೊಂದಕ್ಕೆ ಮೊದಲ ಸುತ್ತಿನಲ್ಲಿ 65, ಕ್ವಾರ್ಟರ್ ಫೈನಲ್‌ನಲ್ಲಿ 80, ಆಮೇಲೆ 95 ಎಸೆತಗಳ ಮಿತಿಯಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ಎಸೆತ ಹಾಕಿದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯವಾಗಿತ್ತು.

ಜಪಾನ್‌ನ ವೃತ್ತಿಪರ ತಂಡಗಳು ಫೆಬ್ರವರಿ 1ರಿಂದಲೇ ಶಿಬಿರ ಹೂಡುತ್ತವೆ. 2023ರಲ್ಲಿ ಅದರ ರಾಷ್ಟ್ರೀಯ ತಂಡ ಮಿಯಾಜಾಕಿಯಲ್ಲಿ ಪ್ರತ್ಯೇಕವಾಗಿಯೂ ಅಭ್ಯಾಸ ನಡೆಸಿತು. ಆಗ ಅಮೆರಿಕದಲ್ಲಿ ಆಡುತ್ತಿದ್ದ ಪಿಚರ್ ಯು ಡಾರ್ವಿಶ್ ಮೊದಲ ದಿನದಿಂದಲೇ ಅಲ್ಲಿದ್ದರು. ಫೈನಲ್‌ನಲ್ಲಿ ಅಮೆರಿಕವನ್ನು 3-2ರಿಂದ ಮಣಿಸಿದ್ದಕ್ಕೆ ಅದೊಂದೇ ಕಾರಣವೆನ್ನಲಾರೆ, ಆದರೆ ಆ ಎರಡು ವಾರಗಳ ಮುನ್ನಡೆ ಸಣ್ಣದಲ್ಲ.

ಎಲ್ಲ ಗಾಯಗಳನ್ನೂ ತರಬೇತಿಯ ತಲೆಗೆ ಕಟ್ಟುವಂತಿಲ್ಲ. ಅದೇ ವರ್ಷ ಪೋರ್ಟೊ ರಿಕೊದ ಪಿಚರ್ ಎಡ್ವಿನ್ ಡಿಯಾಜ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡದ್ದು ಗೆಲುವಿನ ಸಂಭ್ರಮದಲ್ಲಿ!