ಆಲ್ಬೀಸ್ ದಡ್ಡ ಅಲ್ಲ

ಬಾಡಿಗೆ, ಡ್ರೈವಿಂಗ್ ಲೈಸೆನ್ಸ್, ಕ್ರೆಡಿಟ್ ಸ್ಕೋರ್ ಎಲ್ಲ ಕೇಳಿದ ಮೇಲೆ ಕೊನೆಗೆ ಇನ್ನೊಂದು ಪ್ರಶ್ನೆ ಹಾಕಿದ್ದೀರಿ. "ಅಕ್ಕಾ, ಅಟ್ಲಾಂಟಾದ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಬರೀ ಇಲ್ಲಿನ ಬೇಸ್‌ಬಾಲ್ ತಂಡ ಬ್ರೇವ್ಸ್ ಮಾತು. ಆಟವನ್ನು ಹೇಗೋ ಕಲಿಯುತ್ತೇನೆ. ಆದರೆ ಆಟಗಾರರ ಕಾಂಟ್ರಾಕ್ಟ್ ವಿಷಯ ಬಂದರೆ ತಲೆಬುಡ ಗೊತ್ತಾಗುವುದಿಲ್ಲ. ತಂಡದ ಆಟಗಾರ ಆಲ್ಬೀಸ್ ಪಾಪ ಮೋಸ ಹೋದ ಅಂತಾರೆ. 3.5 ಕೋಟಿ ಡಾಲರ್ ತಗೊಂಡವನು ಮೋಸ ಹೋಗೋದು ಹೇಗೆ?"

ಬಾಡಿಗೆ, ಲೈಸೆನ್ಸ್ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಇದನ್ನು ಮೊದಲು ಮುಗಿಸೋಣ, ಯಾಕೆಂದರೆ ಈ ಊರಿನಲ್ಲಿ ಜನರ ಜೊತೆ ಬೆರೆಯೋಕೆ ನನಗೆ ದಾರಿ ಆದದ್ದು ಇದೇ ಮಾತು. ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಎಣಿಸೋದಕ್ಕಿಂತ ಕಾಂಟ್ರಾಕ್ಟ್ ಲೆಕ್ಕ ಹಾಕೋದರಲ್ಲಿ ನನಗೆ ರುಚಿ ಜಾಸ್ತಿ.

ಇಲ್ಲಿನ ಪದ್ಧತಿ ಹೀಗಿದೆ. ಮೇಜರ್ ಲೀಗ್‌ಗೆ, ಅಂದರೆ ಬೇಸ್‌ಬಾಲ್‌ನ ಅತಿ ಮೇಲಿನ ಹಂತಕ್ಕೆ, ಬಂದ ಹುಡುಗ ಆರು ವರ್ಷ ಆಡುವವರೆಗೆ ತಂಡದ ಹಿಡಿತದಲ್ಲಿರುತ್ತಾನೆ. ಬೇರೆ ತಂಡ ಎರಡರಷ್ಟು ಕೊಡುತ್ತೇನೆ ಅಂದರೂ ಹೋಗುವ ಹಾಗಿಲ್ಲ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ. 2025ರಲ್ಲಿ ಅದು 7,60,000 ಡಾಲರ್ ಇತ್ತು. ಆಮೇಲೆ ಆರ್ಬಿಟ್ರೇಷನ್. ಆಟಗಾರ ಒಂದು ಮೊತ್ತ ಹೇಳುತ್ತಾನೆ, ತಂಡ ಇನ್ನೊಂದು ಹೇಳುತ್ತದೆ. ರಾಜಿ ಆಗದಿದ್ದರೆ ಮಧ್ಯಸ್ಥರು ಎರಡರಲ್ಲಿ ಒಂದನ್ನು ಆರಿಸುತ್ತಾರೆ. ನಡುವಿನ ಮೊತ್ತ ಅಂತ ಏನೂ ಇಲ್ಲ. ಆರು ವರ್ಷ ಮುಗಿದ ಮೇಲೆ ಅವನು ಫ್ರೀ ಏಜೆಂಟ್, ಆಗ ನಿಜವಾದ ಹರಾಜು ಶುರು.

ಆರು ವರ್ಷ ಅಂದ ಕೂಡಲೇ ನಿಮಗೆ ಎಚ್-1ಬಿ ವೀಸಾದ ಆರು ವರ್ಷದ ಮಿತಿ ನೆನಪಾಗಿರುತ್ತದೆ, ಅಲ್ವಾ? ನಿಮ್ಮ ಪಾಡು ಅವನದಕ್ಕಿಂತ ವಾಸಿ. ನೀವು ಇನ್ನೊಂದು ಕಂಪನಿಗೆ ವೀಸಾ ವರ್ಗ ಮಾಡಿಸಿಕೊಂಡು ಹೊರಡಬಹುದು. ಅವನು ಹೊರಡೋಕಾಗಲ್ಲ, ತಂಡ ಮಾತ್ರ ಅವನನ್ನು ಕೇಳದೆಯೇ ಬೇರೆ ಊರಿನ ತಂಡಕ್ಕೆ ಕಳಿಸಬಹುದು.

ಈ ಆರು ವರ್ಷದ ಲೆಕ್ಕದಲ್ಲೂ ಜಿಪುಣತನ ಇದೆ. 172 ದಿನ ತಂಡದಲ್ಲಿದ್ದರೆ ಒಂದು ವರ್ಷ ಅಂತ ಲೆಕ್ಕ. 2015ರಲ್ಲಿ ಶಿಕಾಗೋ ಕಬ್ಸ್ ತಂಡ ಕ್ರಿಸ್ ಬ್ರಯಂಟ್‌ನನ್ನು ಮೈನರ್ ಲೀಗ್ ಅನ್ನೋ ಕೆಳಹಂತದಿಂದ ಏಪ್ರಿಲ್ 17ಕ್ಕೆ ಮೇಲೆ ಕರೆಸಿತು. ಆ ವರ್ಷ ಅವನ ಲೆಕ್ಕಕ್ಕೆ ಬಿದ್ದದ್ದು 171 ದಿನ. ಒಂದೇ ಒಂದು ದಿನ ಕಡಿಮೆ! ಅವನು ದೂರು ಕೊಟ್ಟ, 2020ರಲ್ಲಿ ಸೋತ. ಹೀಗಾಗಿ ಇನ್ನೊಂದು ಇಡೀ ವರ್ಷ ಅವನು ತಂಡದ ಕೈಯಲ್ಲೇ ಉಳಿದ.

ಇಂಥ ವ್ಯವಸ್ಥೆಯ ನಡುವೆ ತಂಡ ಬಂದು ಹೇಳುತ್ತದೆ: ಆರು ವರ್ಷ ಕಾಯಬೇಡ, ಈಗಲೇ ದೊಡ್ಡ ಮೊತ್ತಕ್ಕೆ ಸಹಿ ಹಾಕು, ಬದಲಿಗೆ ನಿನ್ನ ಫ್ರೀ ಏಜೆಂಟ್ ವರ್ಷಗಳಲ್ಲಿ ಕೆಲವನ್ನು ನಮಗೆ ಬಿಟ್ಟುಕೊಡು. ಇದನ್ನೇ ಎಕ್ಸ್‌ಟೆನ್ಷನ್ ಅನ್ನೋದು. 1990ರ ದಶಕದ ಮೊದಲಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಜಾನ್ ಹಾರ್ಟ್ ಇದನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿದರು. 2008ರಲ್ಲಿ ಟ್ಯಾಂಪಾ ಬೇ ತಂಡ ಇವಾನ್ ಲಾಂಗೋರಿಯಾನನ್ನು ಮೊದಲ ಪಂದ್ಯ ಆಡಿದ ಒಂದೇ ವಾರದೊಳಗೆ ಆರು ವರ್ಷಕ್ಕೆ, 1.75 ಕೋಟಿಗೆ ಹಿಡಿದುಹಾಕಿತು. ಬ್ರೇವ್ಸ್ ಜನರಲ್ ಮ್ಯಾನೇಜರ್ ಅಲೆಕ್ಸ್ ಆಂಥೊಪೊಲಸ್ ಈ ಆಟದಲ್ಲಿ ಎಲ್ಲರಿಗಿಂತ ಪಳಗಿದ ಕೈ. ಜನರಲ್ ಮ್ಯಾನೇಜರ್ ಅಂದರೆ ಆಫೀಸಿನಲ್ಲಿ ಕೂತು ತಂಡ ಕಟ್ಟುವವರು, ಮೈದಾನದಲ್ಲಿ ನಿಂತು ಕೂಗಾಡುವ ಮ್ಯಾನೇಜರ್ ಬೇರೆ. ಆಫೀಸಿನಲ್ಲಿ ಇದನ್ನು ಗೊಂದಲ ಮಾಡಿಕೊಳ್ಳಬೇಡಿ.

ಈಗ ಅಸಲು ಕಥೆಗೆ ಬರೋಣ. 2018ರಲ್ಲಿ ಒಂದೇ ತಿಂಗಳ ಅಂತರದಲ್ಲಿ ಇಬ್ಬರು ಹುಡುಗರು ಮೇಜರ್ ಲೀಗ್‌ಗೆ ಬಂದರು. ನಮ್ಮ ಬ್ರೇವ್ಸ್‌ಗೆ ವೆನಿಜುವೆಲಾದ ರೊನಾಲ್ಡ್ ಅಕುನ್ಯಾ, ವಾಷಿಂಗ್ಟನ್ ನ್ಯಾಷನಲ್ಸ್‌ಗೆ ಡೊಮಿನಿಕನ್ ರಿಪಬ್ಲಿಕ್‌ನ ಹ್ವಾನ್ ಸೋಟೊ. ಆ ವರ್ಷ ಅವರ ಲೀಗಿನ ಶ್ರೇಷ್ಠ ಹೊಸಬ ಪ್ರಶಸ್ತಿಗೆ ಅಕುನ್ಯಾ ಮೊದಲು, ಸೋಟೊ ಎರಡನೆಯವ. 2019ರ ಏಪ್ರಿಲ್‌ನಲ್ಲಿ 21 ವರ್ಷದ ಅಕುನ್ಯಾ ಎಂಟು ವರ್ಷಕ್ಕೆ 10 ಕೋಟಿ ಡಾಲರ್‌ಗೆ ಸಹಿ ಹಾಕಿದ. ಸೋಟೊ ಹಾಕಲಿಲ್ಲ. 2022ರಲ್ಲಿ ನ್ಯಾಷನಲ್ಸ್ 15 ವರ್ಷಕ್ಕೆ 44 ಕೋಟಿ ಕೊಡುತ್ತೇವೆ ಅಂದಾಗಲೂ ಬೇಡ ಅಂದ. ಅವರು ಅವನನ್ನು ಸ್ಯಾನ್ ಡಿಯೆಗೊಗೆ ಸಾಗಹಾಕಿದರು, ಅಲ್ಲಿಂದ ನ್ಯೂಯಾರ್ಕ್ ಯಾಂಕೀಸ್‌ಗೆ ಹೋದ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಅವನಿಗೆ 15 ವರ್ಷಕ್ಕೆ 76.5 ಕೋಟಿ ಬರೆದುಕೊಟ್ಟಿತು.

ಊಟದ ಮೇಜಿನಲ್ಲಿ ಯಾರಾದರೂ ಅಕುನ್ಯಾನ 10 ಕೋಟಿ, ಸೋಟೊನ 76.5 ಕೋಟಿ ಪಕ್ಕಪಕ್ಕ ಇಟ್ಟು "ನೋಡಿ, ಕಾಯಬೇಕಿತ್ತು" ಅನ್ನುತ್ತಾರೆ. ಸುಮ್ನೆ ತಲೆ ಆಡಿಸಬೇಡಿ. ಹದಿನಾರು ವರ್ಷದವನಿದ್ದಾಗ ಸೋಟೊಗೆ ಸಹಿ ಮಾಡಿದ್ದಕ್ಕೆ ಸಿಕ್ಕಿದ್ದು 15 ಲಕ್ಷ ಡಾಲರ್. ಅದೇ ವಯಸ್ಸಿನಲ್ಲಿ ಅಕುನ್ಯಾಗೆ ಸಿಕ್ಕಿದ್ದು 1 ಲಕ್ಷ. ಕುರಾಸಾವ್ ದ್ವೀಪದ ಆಜಿ ಆಲ್ಬೀಸ್‌ಗೆ 3.5 ಲಕ್ಷ. ಇದರ ಮೇಲೆ ಮೈನರ್ ಲೀಗ್‌ನ ಪುಡಿಗಾಸಿನ ಸಂಬಳದಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಟ. ಮನೆಯವರು ಇನ್ನೊಂದು ದೇಶದಲ್ಲಿ. ನಾಳೆ ಮೊಣಕಾಲು ಹೋದರೆ ಎಲ್ಲ ಮುಗಿಯಿತು. ಕಿಸೆಯಲ್ಲಿ ಮೊದಲೇ ಸ್ವಲ್ಪ ಇದ್ದವನು ಕಾಯುತ್ತಾನೆ, ಇಲ್ಲದವನು ಸಹಿ ಹಾಕುತ್ತಾನೆ. ಕ್ಯಾನ್ಸಸ್ ಸಿಟಿಯ ಬಾಬಿ ವಿಟ್ ಜೂನಿಯರ್ ನೋಡಿ. ಅಪ್ಪನೂ ಮೇಜರ್ ಲೀಗ್ ಬೌಲರ್, ಅಂದರೆ ಪಿಚರ್. ಮಗನಿಗೆ ಶುರುವಿನಲ್ಲೇ 77 ಲಕ್ಷಕ್ಕೂ ಜಾಸ್ತಿ ಸಿಕ್ಕಿತ್ತು. ಅವನು 2024ರಲ್ಲಿ 11 ವರ್ಷಕ್ಕೆ ಸುಮಾರು 28.9 ಕೋಟಿ ಪಡೆದ, ಜೊತೆಗೆ ನಡುವೆಯೇ ಹೊರಬರುವ ಹಕ್ಕನ್ನೂ ಬರೆಸಿಕೊಂಡ. ಇದು ಎಲ್ಲರಿಗೂ ಒಪ್ಪುವ ಲೆಕ್ಕ ಅಲ್ಲ, ನಿಜ. ಮಿಲ್ವಾಕಿಯ ಜ್ಯಾಕ್ಸನ್ ಚೌರಿಯೊಗೆ 18 ಲಕ್ಷ ಮೊದಲೇ ಸಿಕ್ಕಿತ್ತು. ಆದರೂ 19ನೇ ವಯಸ್ಸಿಗೆ, ಒಂದೂ ಮೇಜರ್ ಲೀಗ್ ಪಂದ್ಯ ಆಡುವ ಮುಂಚೆ, ಎಂಟು ವರ್ಷಕ್ಕೆ 8.2 ಕೋಟಿಗೆ ಸಹಿ ಹಾಕಿದ.

ಅಕುನ್ಯಾ ಹೆದರಿದ್ದು ಸುಳ್ಳೂ ಆಗಲಿಲ್ಲ. 2021ರ ಜುಲೈನಲ್ಲಿ ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆ ವರ್ಷ ಬ್ರೇವ್ಸ್ ವರ್ಲ್ಡ್ ಸೀರೀಸ್, ಅಂದರೆ ಫೈನಲ್, ಗೆದ್ದಾಗ ಅವನು ಆಡುತ್ತಿರಲಿಲ್ಲ. 2023ರಲ್ಲಿ ಎದ್ದು ಬಂದು 41 ಹೋಮ್ ರನ್ ಹೊಡೆದ, 73 ಬೇಸ್ ಕದ್ದ (ಪಿಚರ್ ಎಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿಬಿಡೋದು), ಎಂವಿಪಿ, ಅಂದರೆ ಲೀಗಿನ ಶ್ರೇಷ್ಠ ಆಟಗಾರ, ಆದ. ಮರುವರ್ಷ ಮೇ ತಿಂಗಳಲ್ಲಿ ಎಡ ಮೊಣಕಾಲು ಹೋಯಿತು. ಆ ಎಕ್ಸ್‌ಟೆನ್ಷನ್ ಇಲ್ಲದಿದ್ದರೆ ಅವನು ಫ್ರೀ ಏಜೆಂಟ್ ಆಗುತ್ತಿದ್ದದ್ದು ಅದೇ 2024ರ ಕೊನೆಗೆ, ಊರುಗೋಲು ಬಿಟ್ಟ ಕಾಲಿನಲ್ಲಿ. ಬೇಸ್‌ಬಾಲ್‌ನಲ್ಲಿ ಸಹಿ ಆದ ಹಣ ಗ್ಯಾರಂಟಿ. ಗಾಯವಾಗಿ ಮನೆಯಲ್ಲಿ ಕೂತರೂ ಬರುತ್ತದೆ.

ಹಾಗಾದರೆ ಆಫೀಸಿನವರು ಆಲ್ಬೀಸ್‌ಗೆ ಅಯ್ಯೋ ಅನ್ನೋದು ಯಾಕೆ? ಅಕುನ್ಯಾ ಸಹಿ ಹಾಕಿದ ಕೆಲವೇ ದಿನಕ್ಕೆ ಇವನೂ ಹಾಕಿದ. ಏಳು ವರ್ಷಕ್ಕೆ 3.5 ಕೋಟಿ. ಬೈಯುವವರು ಆ ಮೊತ್ತವನ್ನೇ ಬೈಯುತ್ತಾರೆ. ನನ್ನ ಪ್ರಕಾರ ಮೊತ್ತ ಅಷ್ಟು ಕೆಟ್ಟದ್ದಲ್ಲ. 22 ವರ್ಷದ ಹುಡುಗನಿಗೆ ಮೂರು ತಲೆಮಾರು ಕೂತು ಉಣ್ಣುವಷ್ಟು ಹಣ. ಹುಳುಕು ಇರೋದು ಕೊನೆಯ ಸಾಲಿನಲ್ಲಿ: ಏಳು ವರ್ಷದ ನಂತರ ಇನ್ನೂ ಎರಡು ವರ್ಷ ತಂಡಕ್ಕೆ ಬೇಕಿದ್ದರೆ ವರ್ಷಕ್ಕೆ 70 ಲಕ್ಷಕ್ಕೆ ಇಟ್ಟುಕೊಳ್ಳಬಹುದು. ಬೇಡದಿದ್ದರೆ ಒಂದಿಷ್ಟು ಕೈಗಿಟ್ಟು ಬಿಡಬಹುದು. ಇದಕ್ಕೆ ಟೀಮ್ ಆಪ್ಷನ್ ಅಂತಾರೆ. ಆಯ್ಕೆ ಪೂರ್ತಿ ತಂಡದ್ದು. ಮಾಮೂಲಿ ಲೆಕ್ಕದಲ್ಲಿ ಆಲ್ಬೀಸ್ 2023ರ ಕೊನೆಗೆ ಫ್ರೀ ಏಜೆಂಟ್. ಆ ವರ್ಷ ಅವನು ಹೊಡೆದದ್ದು 33 ಹೋಮ್ ರನ್, ವಯಸ್ಸು 26. ಅಂದರೆ 2024ರಿಂದ 2027ರವರೆಗಿನ ನಾಲ್ಕು ಬಂಗಾರದ ವರ್ಷಗಳನ್ನು ವರ್ಷಕ್ಕೆ 70 ಲಕ್ಷದ ದರದಲ್ಲಿ ಮೊದಲೇ ಒಪ್ಪಿಸಿಬಿಟ್ಟಿದ್ದ. ಅಕುನ್ಯಾ ಕೂಡ ಬಿಟ್ಟುಕೊಟ್ಟದ್ದು ನಾಲ್ಕೇ ವರ್ಷ, ಆದರೆ ವರ್ಷಕ್ಕೆ 1.7 ಕೋಟಿಯಂತೆ. ಭದ್ರತೆಗೆ ಬೆಲೆ ಕೊಡೋದು ಸರಿ. ಭದ್ರತೆ ಸಿಕ್ಕಾದ ಮೇಲೂ ಎರಡು ವರ್ಷ ಮೇಲುಗಾಣಿಕೆ ಕೊಟ್ಟದ್ದು ಏಜೆಂಟನ ಸೋಲು. ಹುಡುಗನನ್ನು ದಡ್ಡ ಅನ್ನೋಕೆ ನನಗೆ ಮನಸ್ಸಿಲ್ಲ.

ತಂಡಗಳಿಗೂ ಏಟು ಬೀಳುತ್ತದೆ, ಆದರೆ ಸಣ್ಣ ಏಟು. ಹ್ಯೂಸ್ಟನ್‌ನ ಜಾನ್ ಸಿಂಗಲ್‌ಟನ್ 2014ರಲ್ಲಿ ಮೊದಲ ಪಂದ್ಯಕ್ಕೂ ಮುಂಚೆ 1 ಕೋಟಿಗೆ ಸಹಿ ಹಾಕಿ ಕುದುರಿಕೊಳ್ಳಲೇ ಇಲ್ಲ. ಫಿಲಡೆಲ್ಫಿಯಾದ ಸ್ಕಾಟ್ ಕಿಂಗರಿ, ಸಿಯಾಟಲ್‌ನ ಇವಾನ್ ವೈಟ್ ಇಬ್ಬರದೂ ತಲಾ 2.4 ಕೋಟಿಯ ಇಂಥದೇ ಕಥೆ. ವರ್ಷಕ್ಕೆ ಹತ್ತಾರು ಕೋಟಿ ಡಾಲರ್ ತಿರುಗಿಸುವ ತಂಡಕ್ಕೆ ಇದೇನು ಮಹಾ? ಆ ಮೂವರು ಹುಡುಗರನ್ನು ಯಾರೂ ಮೋಸ ಹೋದರು ಅನ್ನೋದಿಲ್ಲ ನೋಡಿ. ಅವರು ಗೆದ್ದವರು.

ಇನ್ನು ಆಟ ನೋಡೋಕೆ ಹೋಗುವ ವಿಷಯ. ಬ್ರೇವ್ಸ್ ಮೈದಾನ ಟ್ರೂಯಿಸ್ಟ್ ಪಾರ್ಕ್ ಇರೋದು ಕಾಬ್ ಕೌಂಟಿಯಲ್ಲಿ. ಮಾರ್ಟಾ ರೈಲು ಅಲ್ಲಿಗೆ ಹೋಗುವುದಿಲ್ಲ. ಪಾರ್ಕಿಂಗ್ ದುಬಾರಿ, ಹಾಗಾಗಿ ಆಫೀಸಿನವರ ಕಾರಿನಲ್ಲಿ ಜಾಗ ಕೇಳಿ. ಒಂದು ಸಣ್ಣ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಊಟ ಒಯ್ಯಲು ಬಿಡುತ್ತಾರೆ. ನಾನು ಚಿತ್ರಾನ್ನ ಒಯ್ದಿದ್ದೇನೆ. ನಿಯಮ ಬದಲಾಗುತ್ತಿರುತ್ತದೆ, ಹೋಗುವ ದಿನ ಒಮ್ಮೆ ನೋಡಿಕೊಳ್ಳಿ. ಬ್ರೇವ್ಸ್ ಷೇರು ನಾಸ್ಡಾಕ್‌ನಲ್ಲಿ ಇರೋದರಿಂದ ತಂಡದ ಲೆಕ್ಕಪತ್ರವನ್ನೂ ಬೇಕಾದರೆ ಓದಬಹುದು.

ನಾಳೆ ಊಟಕ್ಕೆ ಕೂತಾಗ ಬ್ರೇವ್ಸ್‌ನ ಮೈಕಲ್ ಹ್ಯಾರಿಸ್ ಬಗ್ಗೆ ಕೇಳಿ. 2022ರಲ್ಲಿ ಆಡೋಕೆ ಶುರು ಮಾಡಿದ ವರ್ಷವೇ ಎಂಟು ವರ್ಷಕ್ಕೆ 7.2 ಕೋಟಿಗೆ ಸಹಿ ಹಾಕಿದವನು, ಅಟ್ಲಾಂಟಾ ಪಕ್ಕದಲ್ಲೇ ಬೆಳೆದ ಹುಡುಗ. ಅವನದು ಒಳ್ಳೆ ವ್ಯಾಪಾರವಾ ಕೆಟ್ಟದ್ದಾ ಅಂತ ಒಂದು ಪ್ರಶ್ನೆ ಹಾಕಿ ಸುಮ್ಮನಿರಿ. ಊಟ ಮುಗಿಯುವವರೆಗೆ ನೀವು ಬಾಯಿ ಬಿಡಬೇಕಾಗಿಲ್ಲ.