ಪ್ರಸ್ತಾರ ಹಾಕಿದರೆ ಪದ್ಯ ಸಾಯುವುದಿಲ್ಲ

ಪತ್ರ: ಹತ್ತನೇ ಕ್ಲಾಸಿನ ಮಗಳು ರಾತ್ರಿಯೆಲ್ಲ ಪ್ರಸ್ತಾರ ಅಂತ ಪದ್ಯದ ಅಕ್ಷರಗಳ ಮೇಲೆ ಲಘು, ಗುರು ಗುರುತು ಹಾಕುತ್ತಾ ಕೂರುತ್ತಾಳೆ. ಪದ್ಯದ ಅರ್ಥ ಕೇಳಿದರೆ ಬಾಯಿ ಬಿಡಲ್ಲ. ಈ ಛಂದಸ್ಸು, ಅಲಂಕಾರ ಎಲ್ಲ ಪಾಠದಿಂದ ತೆಗೆದರೆ ಏನು ನಷ್ಟ?
- ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ತಾಯಿ, ನಿಮ್ಮ ಸಂಕಟ ಅರ್ಥವಾಗುತ್ತೆ. ಅರ್ಥ ತಿಳಿಯದೆ ಗೆರೆ ಎಳೆಯುವುದು ಸುಮ್ನೆ ದಂಡ, ಒಪ್ಪಿದೆ. ಆದರೆ ತೆಗೆದೇಬಿಡಿ ಅಂತೀರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ.

ಮಗಳ ಕೈಲಿ ಕುಮಾರವ್ಯಾಸನ ಮೊದಲ ಪದ್ಯವನ್ನು ಜೋರಾಗಿ ಓದಿಸಿ. ‘ಶ್ರೀವ, ನಿತೆಯರ, ಸನೆವಿ, ಮಲರಾ.’ ಹ್ರಸ್ವದಂಥ ಲಘುವಿಗೆ ಒಂದು ಮಾತ್ರೆ, ದೀರ್ಘದಂಥ ಗುರುವಿಗೆ ಎರಡು ಅಂತ ಎಣಿಸಿದರೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಪದ್ಯದ ನಡೆಯೇ ಅದು. ‘ರಾಜೀವ’ ಅನ್ನೋ ಪದ ಮಧ್ಯಕ್ಕೇ ತುಂಡಾಗಿ, ‘ರಾ’ ಮೊದಲ ಸಾಲಲ್ಲಿ ಉಳಿದು ‘ಜೀವ’ ಎರಡನೇ ಸಾಲಿಗೆ ಹೋಗಿದೆ, ಆದರೂ ಓದುವಾಗ ಎಲ್ಲೂ ತಡೆಯೋದಿಲ್ಲ. ಕೊನೆಗೆ ‘ವೀರನಾರಯಣ’ ಅಂತ ಬರುತ್ತೆ. ಅಚ್ಚಿನ ತಪ್ಪಲ್ಲ. ‘ನಾರಾಯ’ ಅಂದರೆ ಐದು ಮಾತ್ರೆ, ಅಲ್ಲಿ ಬೇಕಾದ್ದು ನಾಲ್ಕೇ. ತಾನು ನಂಬಿದ ದೇವರ ಹೆಸರಿನ ದೀರ್ಘವನ್ನೇ ಕವಿ ಲಯಕ್ಕಾಗಿ ಇಳಿಸಿದ್ದಾನೆ! ಪ್ರಸ್ತಾರ ಹಾಕದೆ ಇದು ಯಾರ ಕಣ್ಣಿಗೆ ಬೀಳುತ್ತೆ ಹೇಳಿ?

ನಮ್ಮ ಕಡೂರು ತಾಲ್ಲೂಕಿನ ದೇವನೂರು ಕವಿ ಲಕ್ಷ್ಮೀಶನ ಊರು. ಅವನ ‘ಜೈಮಿನಿ ಭಾರತ’ ವಾರ್ಧಕ ಷಟ್ಪದಿ, ಐದೈದು ಮಾತ್ರೆಯ ಗಣ, ಅಂದರೆ ಗುಂಪು, ನಡಿಗೆಯೇ ಬೇರೆ. ಅಕ್ಷರ ಬಾರದವರೂ ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಕಾಲವಿತ್ತು. ಅವರು ಗಣ ಎಣಿಸಲಿಲ್ಲ ನಿಜ, ಆದರೆ ಒಂದು ಮಾತ್ರೆ ತಪ್ಪಿದರೂ ಅವರ ಕಿವಿಗೆ ಗೊತ್ತಾಗುತ್ತಿತ್ತು. ಲಕ್ಷ್ಮೀಶನಿಗೆ ‘ಉಪಮಾಲೋಲ’, ಅಂದರೆ ಹೋಲಿಕೆಯಲ್ಲಿ ರಮಿಸುವವನು ಅಂತ ಬಿರುದು. ಇವತ್ತು ಅವನದೇ ಜಿಲ್ಲೆಯ ಮಕ್ಕಳು ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ಅಂತ ಹೋಲಿಕೆಯ ಭಾಗಗಳನ್ನು ಉರು ಹೊಡೆದು ಮಾರ್ಕ್ಸ್ ತಗೋತಾರೆ. ಅವನ ಒಂದು ಪದ್ಯವನ್ನೂ ರಾಗವಾಗಿ ಕೇಳಿರೋದಿಲ್ಲ. ತಪ್ಪು ಛಂದಸ್ಸಿನದಲ್ಲ ತಾಯಿ, ಪದ್ಯವನ್ನು ಬಾಯಿಬಿಟ್ಟು ಓದದೆ ನೇರ ಬೋರ್ಡಿಗೆ ಹತ್ತಿಸಿದ ನಮ್ಮದು.

ನಮ್ಮ ಕಚೇರಿಗೆ ಬರುವ ಕವಿತೆಗಳಲ್ಲೂ ಇದೇ ಗೋಳು. ಗದ್ಯ ಬರೆದು ಎಲ್ಲೆಂದರಲ್ಲಿ ಸಾಲು ಮುರಿದು ನವ್ಯ ಅಂತಾರೆ. ಛಂದಸ್ಸು ಬಿಟ್ಟು ಬರೆಯಿರಿ, ಬೇಡ ಅನ್ನಲ್ಲ. ಆದರೆ ಏನನ್ನು ಬಿಡುತ್ತಿದ್ದೀರಿ ಅಂತ ಗೊತ್ತಿರಬೇಕಲ್ವಾ?

ಇವತ್ತು ರಾತ್ರಿ ಮಗಳು ಪೆನ್ಸಿಲ್ ಹಿಡಿಯುವ ಮೊದಲು ಅದೇ ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಹೇಳಲಿ. ನೀವೂ ಜೊತೆಗೆ ಹೇಳಿ. ಆಮೇಲೆ ಗುರುತು ಹಾಕಲಿ.