ಗೋಡೆಗೆ ಫಿಟ್ ಮಾಡಿಸುವ ವಾರ್ಡ್‌ರೋಬ್ ಒಳ್ಳೆಯದೇ? ಯಾವ ಗೋಡೆ, ಅದು ಮೊದಲು ಹೇಳಿ

ಮುಂಬೈ ಪಕ್ಕದ ಠಾಣೆಯಲ್ಲಿ ಹೊಸ ಮನೆ, ಗೋಡೆಗೆ ವಾರ್ಡ್‌ರೋಬ್ ಫಿಟ್ ಮಾಡಿಸುವುದಾ, ರೆಡಿ ಕಪಾಟು ತರುವುದಾ ಅಂತ ಕೇಳಿ ಬರೆದಿದ್ದೀರಿ. ನವೆಂಬರಿನಲ್ಲಿ ಕೀಲಿ ಸಿಕ್ಕಿದೆ. ಜನವರಿಯಲ್ಲಿ ಮಿಸ್ತ್ರಿ (ಇಲ್ಲಿ ಬಡಗಿಗೆ ಹಾಗನ್ನುತ್ತಾರೆ) ಕೆಲಸ ಶುರು, ಯುಗಾದಿಗೆ ಗೃಹಪ್ರವೇಶ. 10 ಬೈ 10ರ ಬೆಡ್‌ರೂಮು. ಹೆಂಡತಿಗೆ ನೆಲದಿಂದ ಸೀಲಿಂಗ್‌ವರೆಗೆ ವಾರ್ಡ್‌ರೋಬ್ ಬೇಕು, ನಿಮಗೆ ಸ್ಟೀಲ್ ಕಪಾಟು ಸಾಕು. ಮಿಸ್ತ್ರಿಗೆ 20,000 ಅಡ್ವಾನ್ಸ್ ಬೇರೆ ಕೊಟ್ಟಾಗಿದೆ. ಓದುತ್ತಾ ಓದುತ್ತಾ ನಗು ಬಂತು ನನಗೆ. ಠಾಣೆ ಇರುವಲ್ಲಿ ಡೊಂಬಿವಲಿ ಅಂತ ಹಾಕಿ, ವರ್ಷ 2014 ಮಾಡಿಬಿಟ್ಟರೆ ಇದು ನಾನೇ ಬರೆದ ಪ್ರಶ್ನೆ.

ನಮ್ಮದು ಮೂರನೇ ಮಹಡಿ, ತಗೊಳ್ಳುವಾಗಲೇ ಹದಿನೆಂಟು ವರ್ಷದ ಕಟ್ಟಡ. ಜನವರಿಯಲ್ಲಿ ಮನೆ ನೋಡಿದೆವು, ಫೆಬ್ರವರಿಯಲ್ಲಿ ರಿಜಿಸ್ಟ್ರೇಷನ್ ಆಯಿತು, ಮಾರ್ಚ್‌ನಲ್ಲಿ ಮಿಸ್ತ್ರಿ ಬಂದ. ಈ ಮೂರು ತಿಂಗಳ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬೆಡ್‌ರೂಮಿನಲ್ಲಿ ಕಪಾಟಿಗೆ ಎರಡೇ ಗೋಡೆ ಖಾಲಿ ಇದ್ದವು. ಒಂದು ಹಾಲ್ ಕಡೆಯ ಒಳಗೋಡೆ. ಇನ್ನೊಂದು ಪಶ್ಚಿಮದ ಹೊರಗೋಡೆ, ಆಚೆಗೆ ಬರೀ ಆಕಾಶ. ಹಾಲ್ ಗೋಡೆಗೆ ಮಾಡಿಸಿದರೆ ಮಂಚ ಜರುಗಿಸಬೇಕು, ಟಿವಿ ಎಲ್ಲಿ ಹಾಕುವುದು ಅಂತ ಗೊತ್ತಾಗಲಿಲ್ಲ. ಹೊರಗೋಡೆಗಾದರೆ ಅಳತೆ ಮಾಡಿ ಬಿಟ್ಟ ಹಾಗೆ 7 ಅಡಿ ಸಿಗುತ್ತಿತ್ತು. ಲಾಫ್ಟ್ (ಮೇಲಿನ ಅಟ್ಟದ ಖಾನೆ) ಸೇರಿ 9 ಅಡಿ ಎತ್ತರ. ನಮ್ಮಲ್ಲಿ ಮುಂಭಾಗದ ಚದರಡಿ ಲೆಕ್ಕ ಅಲ್ವಾ, 63 ಚದರಡಿ, ಚದರಡಿಗೆ 1,300, ಒಟ್ಟು 81,900 ರೂಪಾಯಿ. ಆ ಸಂಖ್ಯೆ ಇವತ್ತಿಗೂ ನನಗೆ ಫೋನ್ ನಂಬರಿನ ಹಾಗೆ ಬಾಯಿಪಾಠ.

ನನ್ನ ಅತ್ತೆ ಉಡುಪಿ ಕಡೆಯವರು. ನನ್ನ ಜೊತೆ ನೇರವಾಗಿ ಮಾತಾಡುವುದು ಕಡಿಮೆ, ಹೇಳುವುದೆಲ್ಲ ಮಗಳ ಮೂಲಕ. ಫೋನಿನಲ್ಲಿ ಗೋಡೆಯ ವಿಷಯ ಕೇಳಿದವರೇ, "ಅವರಿಗೆ ಹೇಳು, ಪಡುದಿಕ್ಕಿನ ಗೋಡೆಗೆ ಮರ ತಾಗಿಸುವುದು ಬೇಡ. ಆಟಿ ಮುಗಿಯಲಿ, ಆಮೇಲೆ ನೋಡುವ" ಅಂದರು. ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅವರ ಕಡೆ ಮಳೆಗಾಲಕ್ಕೆ ಮೊದಲೇ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರಂತೆ, ಎರಚಲು ಹೊಡೆಯಬಾರದು ಅಂತ. ನಾನು ಬಾಗಲಕೋಟೆ ಕಡೆಯವನು. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಬಿದ್ದರೆ ಹಬ್ಬ. ಎರಡಡಿ ದಪ್ಪದ ಮಣ್ಣಿನ ಗೋಡೆ, ಆ ಗೋಡೆಯೊಳಗೇ ಕಪಾಟು, ಅದರೊಳಗೆ ಅಜ್ಜನ ಕಾಲದ ಕಾಗದಪತ್ರ ಇವತ್ತಿಗೂ ಗರಿಗರಿಯಾಗಿವೆ. ಹಾಗಾಗಿ ಗೋಡೆ ಒದ್ದೆಯಾಗುತ್ತದೆ ಅನ್ನುವುದೇ ನನ್ನ ತಲೆಗೆ ಹೋಗಲಿಲ್ಲ. ಇದು ತಟ್ಟಿ ಕಟ್ಟುವ ಮಣ್ಣಿನ ಮನೆಯಲ್ಲ, ಸಿಮೆಂಟಿನ ಕಟ್ಟಡ ಅಂತ ಹೆಂಡತಿಯ ಮುಂದೆ ಜೋರಾಗಿಯೇ ಹೇಳಿದೆ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಫಿಟ್ ಮಾಡಿಸಿದ್ದು ತಪ್ಪಲ್ಲ. ಪ್ಲೈವುಡ್ ಕಡಿಮೆ ದರ್ಜೆಯದು ಹಾಕಿಸಿದ್ದೂ ಮುಖ್ಯ ತಪ್ಪಲ್ಲ, ಅದು ಎರಡನೆಯದು. ನಾನು ಆ ಗೋಡೆಯನ್ನು ಜನವರಿಯಲ್ಲಿ ನೋಡಿ ಮಾರ್ಚ್‌ನಲ್ಲಿ ಮುಚ್ಚಿಬಿಟ್ಟೆ. ಇಷ್ಟೇ. ಜನವರಿ, ಫೆಬ್ರವರಿಯಲ್ಲಿ ಮುಂಬೈಯ ಯಾವ ಹೊರಗೋಡೆಯಾದರೂ ಒಣಗಿಯೇ ಇರುತ್ತದೆ. ಮೇಲಾಗಿ ಹಿಂದಿನ ಮಾಲೀಕರು ಮಾರುವ ಮೊದಲು ಹೊಸ ಬಣ್ಣ ಹೊಡೆಸಿದ್ದರು. ಯಾಕೆ ಹೊಡೆಸಿದರು ಅಂತ ನಾನು ಕೇಳಲಿಲ್ಲ. "ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ನೋಡು" ಅಂದೆ. ಜೂನ್ 11ರ ಸುಮಾರಿಗೆ ಇಲ್ಲಿ ಮಳೆ ಹಿಡಿಯುತ್ತದೆ, ಸೆಪ್ಟೆಂಬರ್ ಮುಗಿಯುವುದರೊಳಗೆ 2,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ, ಅದೂ ನೆಟ್ಟಗಲ್ಲ, ಗಾಳಿಯ ಜೊತೆ ಅಡ್ಡಡ್ಡ ಹೊಡೆಯುತ್ತದೆ, ಪಶ್ಚಿಮದಿಂದಲೇ. ಕಟ್ಟಡದ ಹೊರಗಿನ ಪ್ಲಾಸ್ಟರಿನಲ್ಲಿ, ಬೀಮಿಗೂ ಇಟ್ಟಿಗೆಗೂ ಸೇರುವ ಜಾಗದಲ್ಲಿ, ಕೂದಲೆಳೆಯಷ್ಟು ಬಿರುಕು ಇದ್ದರೆ ಸಾಕು. ಖಾಲಿ ಗೋಡೆಯಾದರೆ ಒದ್ದೆಯಾಗುತ್ತದೆ, ಫ್ಯಾನ್ ಗಾಳಿಗೆ ಒಂದಷ್ಟು ಒಣಗುತ್ತದೆ, ಕಲೆ ಬೀಳುತ್ತದೆ, ನಿಮ್ಮ ಕಣ್ಣಿಗೆ ಬೀಳುತ್ತದೆ. ನಾನು ಅದರ ಮುಂದೆ ಮರದ ಪೆಟ್ಟಿಗೆ ಕಟ್ಟಿ, ಗಾಳಿ ಆಡದ ಹಾಗೆ, ಹಿಂದಿನ ಪ್ಲೈ ಗೋಡೆಗೇ ಅಂಟುವ ಹಾಗೆ ಹೊಡೆಸಿ, ಬಾಗಿಲು ಹಾಕಿ ಬಟ್ಟೆ ತುಂಬಿದೆ. ನೀರು ಹೋಗಲು ಬೇರೆ ದಾರಿಯೇ ಇರಲಿಲ್ಲ. ಒಂದಿಂಚು ಬಿಟ್ಟು ಹೊಡೆಯೋಣವಾ ಅಂತ ಮಿಸ್ತ್ರಿಯೂ ಕೇಳಿದ್ದ. ಒಂದಿಂಚು ರೂಮು ಕಡಿಮೆಯಾಗುತ್ತದೆ ಬೇಡ ಅಂದವನೂ ನಾನೇ.

ಮೊದಲ ಮಳೆಗಾಲ ಬರೀ ವಾಸನೆ. ಹೊಸ ಲ್ಯಾಮಿನೇಟ್ ವಾಸನೆ ಅಂದುಕೊಂಡು ನುಸಿಗುಳಿಗೆ ಇಟ್ಟೆವು. ಆ ನುಸಿಗುಳಿಗೆಯಿಂದ ವಾಸನೆ ಮುಚ್ಚಿತು, ತೇವ ಮುಚ್ಚಲಿಲ್ಲ. ಕೆಳಗಿನ ಡ್ರಾಯರ್ ಬಿಗಿಯಾಯಿತು, ಸೋಪು ಸವರಿದೆ.

ಎರಡನೇ ವರ್ಷ, 2015ರ ಪಂಚಮಿ ಹಬ್ಬ. ನನ್ನವ್ವನ ಇಳಕಲ್ ಸೀರೆ ಉಡಬೇಕು ಅಂತ ಹೆಂಡತಿ ಕೆಳಗಿನ ಖಾನೆಯಿಂದ ತೆಗೆದಳು. ಹತ್ತಿಯ ಪಂಚೆಯಲ್ಲಿ ಸುತ್ತಿಟ್ಟಿದ್ದು. ಪಂಚೆ ಬಿಚ್ಚಿದರೆ ಮಡಿಕೆಗಳ ಉದ್ದಕ್ಕೂ ಬೂದಿ ಬಣ್ಣದ ಬೂಸು, ಮುಟ್ಟಿದರೆ ಬೆರಳಿಗೆ ಹಿಟ್ಟಿನ ಹಾಗೆ ಹತ್ತುತ್ತಿತ್ತು. ಇಳಕಲ್ ಸೀರೆಯಲ್ಲಿ ಸೆರಗು ಬೇರೆ, ಮೈ ಬೇರೆ. ಸೆರಗಿನ ಎಳೆಗೆ ಮೈಯ ಎಳೆಯನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಅವಳು ಕೊಡವಿದಾಗ ಸರಿಯಾಗಿ ಆ ಕೂಡುವ ಜಾಗದಲ್ಲೇ ಅಂಗೈ ಅಗಲ ಬಿಟ್ಟುಕೊಂಡಿತು. ಸದ್ದೂ ಆಗಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆವು. ಆಮೇಲೆ ನಾನು ಆ ಖಾನೆಯ ಹಿಂದಿನ ಪ್ಲೈ ಮೇಲೆ ಹೆಬ್ಬೆರಳು ಒತ್ತಿದೆ. ಬೆರಳು ಒಳಗೆ ಹೋಯಿತು.

ಗಣಪತಿ ಹಬ್ಬ ಕಳೆದ ಮೇಲೆ ಬಿಚ್ಚಿಸಿದೆವು. ಹಿಂದಿನ ಪ್ಲೈ ನೆನೆದ ಅವಲಕ್ಕಿಯ ಹಾಗೆ ಪದರ ಪದರವಾಗಿ ಕೈಗೆ ಬಂತು. ಗೋಡೆಯಲ್ಲಿ ಸೊಂಟದೆತ್ತರಕ್ಕೆ ಬಣ್ಣವೇ ಇಲ್ಲ, ಬಿಳಿ ಉಪ್ಪು ಹೂವು ಬಿಟ್ಟಿತ್ತು. ಸೊಸೈಟಿಗೆ ಬರೆದೆ. ಹೊರಗಿನಿಂದ ಬರುವ ಮಳೆನೀರಿನ ಸೋರಿಕೆ ಸರಿಮಾಡಿಸುವುದು ಸೊಸೈಟಿಯ ಖರ್ಚು ಅಂತ ಇಲ್ಲಿನ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲೇ ಇದೆ. ಮುಂದಿನ ಜನರಲ್ ಬಾಡಿ ಮೀಟಿಂಗಿನಲ್ಲಿ ಇಡುತ್ತೇವೆ ಅಂದರು. ಇಟ್ಟರು ಕೂಡ, ಮೂರು ಸಲ. ಅದು ಬೇರೆ ಪುರಾಣ, ಬಿಡಿ.

ಈಗ ನಿಮ್ಮ ಪ್ರಶ್ನೆಗೆ. ಫಿಟ್ ಮಾಡಿಸುವುದಾ, ರೆಡಿ ಕಪಾಟಾ ಅಂತ ಗಂಡ ಹೆಂಡತಿ ಜಗಳ ಆಡುತ್ತಿದ್ದೀರಲ್ಲ, ನನ್ನ ಪ್ರಕಾರ ಆ ಜಗಳಕ್ಕೆ ಇನ್ನೂ ಸಮಯವೇ ಬಂದಿಲ್ಲ. ನೀವಿಬ್ಬರೂ ಆ ಮನೆಯಲ್ಲಿ ಒಂದು ಜುಲೈ ಕಳೆದಿಲ್ಲ. ಒಂದು ಮಳೆಗಾಲ ಖಾಲಿ ಗೋಡೆ ನೋಡಿ. ಸೂಟ್‌ಕೇಸಿನಲ್ಲಿ ಬಟ್ಟೆ ಇಟ್ಟುಕೊಂಡು ಬದುಕಲು ಆಗುವುದಿಲ್ಲ ಅಂದರೆ ಎರಡು ಬಾಗಿಲಿನ ಗೋದ್ರೇಜ್ ಕಪಾಟು (ಯಾವ ಕಂಪನಿಯದಾದರೂ ನಮಗೆಲ್ಲ ಅದು ಗೋದ್ರೇಜ್ ಕಪಾಟೇ) ತಂದು, ಗೋಡೆಯಿಂದ ನಾಲ್ಕು ಬೆರಳು ಈಚೆ ನಿಲ್ಲಿಸಿ. ನಾಳೆ ಫಿಟ್ ಮಾಡಿಸಿದರೂ ಆ ಕಪಾಟು ಕಾಗದಪತ್ರ, ಬಂಗಾರಕ್ಕೆ ಬೇಕೇ ಬೇಕು.

ಹೊಸ ಕಟ್ಟಡ, ನಮಗೇನೂ ಆಗಲ್ಲ ಅಂತ ಬರೆದಿದ್ದೀರಿ. ಹೊಸದಾಗಿರುವುದಕ್ಕೇ ಜಾಸ್ತಿ ಹೇಳುತ್ತಿದ್ದೇನೆ. 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆ ಪ್ರಕಾರ ಕೀಲಿ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದಲ್ಲಿ ದೋಷ ಕಂಡು ನೀವು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಆದರೆ ಕಂಡರೆ ತಾನೇ ತಿಳಿಸುವುದು? ವಾರ್ಡ್‌ರೋಬಿನ ಹಿಂದೆ ಸೋರಿದರೆ ನಿಮಗೆ ಎರಡು ವರ್ಷ ಕಾಣುವುದೇ ಇಲ್ಲ. ಕಂಡ ಮೇಲೂ ಗೋಡೆ ತುಂಬ ನಿಮ್ಮ ಮಿಸ್ತ್ರಿಯ ಡ್ರಿಲ್ ತೂತು ತೋರಿಸಿ, ಇದರಿಂದಲೇ ಆಗಿದ್ದು ಅನ್ನುತ್ತಾರೆ.

ಮಳೆ ಚೆನ್ನಾಗಿ ಹಿಡಿದ ಮೇಲೆ ಒಂದು ಕೆಲಸ ಮಾಡಿ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಗೋಡೆಗೆ ಸುತ್ತಲೂ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಗಡೆ ಹನಿ ಕಟ್ಟಿದರೆ ಅಥವಾ ಗೋಡೆ ಕಪ್ಪಾದರೆ ತೇವ ಗೋಡೆಯಿಂದ ಬರುತ್ತಿದೆ. ಬರೀ ಹಾಳೆಯ ಹೊರಮೈ ತೇವ ಇದ್ದರೆ ಅದು ರೂಮಿನ ಗಾಳಿಯದು. ಬಾತ್‌ರೂಮಿಗೆ ತಾಗಿದ ಗೋಡೆಗೂ ಇದೇ ಪರೀಕ್ಷೆ, ಅಲ್ಲಿ ಮಳೆಗಾಲಕ್ಕೂ ಕಾಯಬೇಕಾಗಿಲ್ಲ.

ಪ್ಲೈ ಬಗ್ಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಮರೀನ್ ಹಾಕಿಸಿ ಅಂತ. ಹಾಕಿಸಿ, ಬೇಡ ಅನ್ನುವುದಿಲ್ಲ. ನನಗೆ ಹಾಕಿದ್ದು ಎಂಆರ್ ದರ್ಜೆಯದು, ಕಮರ್ಷಿಯಲ್ ಪ್ಲೈ ಅಂತಾರಲ್ಲ, ಅದು. ಎಂಆರ್ ಅಂದರೆ ತೇವ ಸ್ವಲ್ಪ ತಡೆಯುತ್ತದೆ ಅಂತ, ನೀರು ತಡೆಯುತ್ತದೆ ಅಂತಲ್ಲ. ಮರೀನ್ ಅಂದರೆ ಐಎಸ್ 710 ಮುದ್ರೆಯದು, ನೀರಲ್ಲಿ 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವ ಲೆಕ್ಕದ್ದು. ಮುದ್ರೆ ಮೇಲೆ ನಂಬಿಕೆ ಇಲ್ಲದಿದ್ದರೆ ಮಿಸ್ತ್ರಿ ಕತ್ತರಿಸಿ ಬಿಸಾಕಿದ ಒಂದು ತುಂಡನ್ನು ಹಳೇ ಪಾತ್ರೆಯಲ್ಲಿ ಅರ್ಧ ದಿನ ಕುದಿಸಿ, ಕಳಪೆಯದಾಗಿದ್ದರೆ ಅಷ್ಟರಲ್ಲೇ ಬಾಯಿ ಬಿಡುತ್ತದೆ. ಆದರೆ ಒದ್ದೆ ಗೋಡೆಗೆ ಮರೀನ್ ಹಾಕಿದರೆ ಮರ ಉಳಿಯುತ್ತದೆ, ಸೀರೆ ಉಳಿಯುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ತೇವ ಇದ್ದರೆ ಬೂಸು ಬಂದೇ ಬರುತ್ತದೆ, ಪ್ಲೈ ಎಷ್ಟರದಾದರೇನು.

ನಾನು ಫಿಟ್ ಮಾಡಿಸುವುದರ ವಿರೋಧಿ ಅಂದುಕೊಳ್ಳಬೇಡಿ. 2017ರಲ್ಲಿ ಮತ್ತೆ ಮಾಡಿಸಿದೆ, ಹಾಲ್ ಕಡೆಯ ಒಳಗೋಡೆಗೆ, 5 ಅಡಿ ಅಗಲ ಮಾತ್ರ. ಟಿವಿ ಬೆಡ್‌ರೂಮಿನಿಂದ ಹೋಯಿತು, ಯಾರೂ ಅತ್ತಿಲ್ಲ. ಹಿಂದೆ ಪಟ್ಟಿ ಹೊಡೆಸಿ ಒಂದಿಂಚು ಗಾಳಿ ಬಿಡಿಸಿದೆ, ಕೆಳಗೆ ನಾಲ್ಕಿಂಚು ಎತ್ತರಿಸಿದೆ, ಯಾಕೆಂದರೆ ನೆಲ ಒರೆಸುವ ನೀರೂ ಪ್ಲೈಗೆ ನೀರೇ. ಇವತ್ತಿಗೂ ಗಟ್ಟಿ ಇದೆ. ಚಿಕ್ಕ ರೂಮಿಗೆ ಅಷ್ಟು ಬಟ್ಟೆ ನುಂಗುವ ಬೇರೆ ಸಾಮಾನು ಇಲ್ಲ, ಆ ವಿಷಯದಲ್ಲಿ ನಿಮ್ಮ ಹೆಂಡತಿ ಹೇಳುವುದೇ ಸರಿ. ಒಳಗಿನ ಆಳ 22 ಇಂಚಿಗಿಂತ ಕಡಿಮೆ ಮಾಡಿಸಬೇಡಿ, ಹ್ಯಾಂಗರಿನಲ್ಲಿ ತೂಗುಹಾಕಿದ ಅಂಗಿಯ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಸ್ಲೈಡಿಂಗ್ ಬಾಗಿಲು ಕೇಳಿದ್ದೀರಿ. ಮಂಚ ಅಡ್ಡ ಬರುವುದಾದರೆ ಸ್ಲೈಡಿಂಗ್, ಇಲ್ಲದಿದ್ದರೆ ಬೇಡ. ಯಾವಾಗಲೂ ಅರ್ಧ ಕಪಾಟು ಮುಚ್ಚಿಯೇ ಇರುತ್ತದೆ, ಗಾಳಿ ಆಡುವುದಿಲ್ಲ, ಹಳಿಯಲ್ಲಿ ಧೂಳು ತುಂಬುತ್ತದೆ.

ಮುಂದೆ ಮಾರುವಾಗ ಬೆಲೆ ಜಾಸ್ತಿ ಬರುತ್ತದೆ ಅನ್ನುವುದನ್ನು ತಲೆಯಿಂದ ತೆಗೆದುಹಾಕಿ. ತಗೊಳ್ಳುವವರು ಮೊದಲು ಮಾಡುವ ಕೆಲಸವೇ ಹಳೆಯದನ್ನು ಕಿತ್ತು ಉಲ್ಲಾಸನಗರದ ಫರ್ನಿಚರ್ ಅಂಗಡಿಗಳನ್ನು ಸುತ್ತುವುದು.

ನಮ್ಮ ಪಶ್ಚಿಮದ ಗೋಡೆ ಈಗ ಖಾಲಿ. ಒಂದು ಕ್ಯಾಲೆಂಡರ್ ತೂಗುಹಾಕಿದ್ದೇವೆ. ಸೊಸೈಟಿಯವರು ಕೊನೆಗೂ ಹೊರಗಡೆ ಪ್ಲಾಸ್ಟರ್ ಮಾಡಿಸಿದರು, ಆದರೂ ಪ್ರತಿ ವರ್ಷ ಜುಲೈ ಹಾಳೆಯ ಕೆಳಗಿನ ತುದಿ ಸುರುಳಿ ಸುತ್ತುತ್ತದೆ. ಅತ್ತೆ ಬಂದಾಗಲೆಲ್ಲ ಅದನ್ನೊಮ್ಮೆ ನೋಡುತ್ತಾರೆ, ನನಗೆ ಏನೂ ಅನ್ನುವುದಿಲ್ಲ. ಮಗಳಿಗೆ ಏನು ಹೇಳುತ್ತಾರೋ.

ಆ 20,000 ಅಡ್ವಾನ್ಸ್ ಹೋಯಿತು ಅಂತ ಹೆದರಬೇಡಿ. ಮಿಸ್ತ್ರಿಗೆ ಹೇಳಿ ಅದರಲ್ಲಿ ಕಿಚನ್ ಟ್ರಾಲಿ (ಅಡುಗೆಮನೆಯ ಎಳೆಯುವ ಖಾನೆ) ಕೆಲಸ ಮೊದಲು ಮಾಡಿಸಿಕೊಳ್ಳಿ. ಅಡುಗೆಮನೆಯ ಆ ಗೋಡೆ ಯಾವ ಕಡೆಗಿದೆ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ.